ಗಮನ, ಹತೋಟಿ, ಮೆದುಳಿನ ಸ್ಕ್ಯಾನ್: ಕಾಸರಗೋಡಿನಲ್ಲಿ ಪದೇ ಪದೇ ಕೇಳುವ ಪ್ರಶ್ನೆಗಳು

ನನ್ನ ಊರು ಬದಿಯಡ್ಕದ ಹತ್ತಿರ. ಕೆಲಸ ಬೆಂಗಳೂರಿನಲ್ಲಿ, ಮೆದುಳಿನ ಸ್ಕ್ಯಾನ್‌ಗಳ ಲೆಕ್ಕಾಚಾರ. ಊರಿಗೆ ಹೋದರೆ ಮದುವೆ ಮನೆಯಲ್ಲಿ, ತಾಳಮದ್ದಳೆ ಮುಗಿದ ಮೇಲೆ, ಬಸ್ಸಿನಲ್ಲಿ, ಎಲ್ಲಿ ಸಿಕ್ಕಿದರೂ ಜನ ಅದದೇ ಪ್ರಶ್ನೆ ಕೇಳುತ್ತಾರೆ. ಮಕ್ಕಳಿಗೆ ಗಮನ ಇಲ್ಲ, ಮನೆಯಲ್ಲಿ ಮೂರು ಭಾಷೆ, ಮೊಬೈಲು, ಸ್ಕ್ಯಾನ್ ಮಾಡಿಸಬೇಕಾ ಬೇಡವಾ. ಉತ್ತರಗಳನ್ನು ಒಂದೇ ಕಡೆ ಬರೆದಿಟ್ಟಿದ್ದೇನೆ. ನಾನು ಡಾಕ್ಟರಲ್ಲ. ಚಿಕಿತ್ಸೆಯ ವಿಷಯ ಬಂದಲ್ಲಿ ನಿಮ್ಮ ಡಾಕ್ಟರನ್ನೇ ಕೇಳಿ.

"ಎಕ್ಸಿಕ್ಯುಟಿವ್ ಕಂಟ್ರೋಲ್" ಅಂತ ಹೇಳ್ತಾರಲ್ಲ, ಅದೇನು? ಗಮನ ಅಂದ್ರೆ ಸಾಲದಾ?

ಎರಡೂ ಅಕ್ಕಪಕ್ಕದ ಕೆಲಸಗಳು. ಕಾಸರಗೋಡು ಬಸ್ ಸ್ಟ್ಯಾಂಡಿನಲ್ಲಿ ನಿಂತಿದ್ದೀರಿ ಅಂತಿಟ್ಟುಕೊಳ್ಳಿ. ಕಂಡಕ್ಟರ್ ಮಲಯಾಳದಲ್ಲಿ ಊರುಗಳ ಹೆಸರು ಕೂಗುತ್ತಿದ್ದಾನೆ. ಪಕ್ಕದಲ್ಲಿ ಇಬ್ಬರು ತುಳುವಿನಲ್ಲಿ ಜಗಳ ಆಡುತ್ತಿದ್ದಾರೆ. ಕಿಸೆಯಲ್ಲಿ ಫೋನ್ ಹೊಡೆದುಕೊಳ್ಳುತ್ತಿದೆ. ಅಷ್ಟರ ನಡುವೆ "ಮುಳ್ಳೇರಿಯ" ಅನ್ನುವ ಒಂದು ಹೆಸರು ಕಿವಿಗೆ ಬಿತ್ತಲ್ಲ, ಅದು ಗಮನ. ಕಾಲು ದಿನಾ ಹತ್ತುವ ಬಸ್ಸಿನ ಕಡೆಗೇ ಹೊರಟಿತು, ಇವತ್ತು ಬ್ಯಾಂಕಿಗೆ ಹೋಗಲಿಕ್ಕುಂಟು ಅಂತ ನೆನಪಾಗಿ ಥಟ್ಟನೆ ನಿಂತಿರಿ. ಅದು ಹತೋಟಿ. ಅಭ್ಯಾಸ ಒಂದು ಕಡೆ ಎಳೆಯುವಾಗ ನಿಮಗೆ ಬೇಕಾದ ಕಡೆಗೆ ನಿಮ್ಮನ್ನು ನೀವೇ ತಿರುಗಿಸಿಕೊಳ್ಳುವುದು.

ಅಕಿರಾ ಮಿಯಾಕೆ ಮತ್ತು ಸಂಗಡಿಗರು 2000ದಲ್ಲಿ ಈ ಹತೋಟಿಯನ್ನು ಮೂರಾಗಿ ಬಿಡಿಸಿ ನೋಡಿದರು. ಕೈ ತಾನಾಗಿ ಮಾಡಹೊರಟದ್ದನ್ನು ತಡೆಯುವುದು, ಮನಸ್ಸಿನಲ್ಲಿ ಹಿಡಿದಿಟ್ಟದ್ದನ್ನು ಆಗಾಗ ಬದಲಿಸಿಕೊಳ್ಳುವುದು, ಒಂದು ಕೆಲಸದಿಂದ ಇನ್ನೊಂದಕ್ಕೆ ಹೊರಳುವುದು. ಮೂರಕ್ಕೂ ನಂಟು ಉಂಟು, ಆದರೆ ಮೂರೂ ಒಂದೇ ಅಲ್ಲ. ಒಂದರಲ್ಲಿ ಗಟ್ಟಿಗರಾದವರು ಇನ್ನೊಂದರಲ್ಲಿ ಸಾಧಾರಣ ಇರಬಹುದು.

ಮನೆಯಲ್ಲೇ ನೋಡಬಹುದಾದ ಪರೀಕ್ಷೆ ಏನಾದರೂ ಉಂಟಾ?

ಉಂಟು, ಮಕ್ಕಳಿಗೆ ಮಜಾ ಕೂಡ. ಒಂದು ಕಾಗದದಲ್ಲಿ ಕೆಂಪು, ಹಸಿರು, ನೀಲಿ, ಹಳದಿ ಅಂತ ಇಪ್ಪತ್ತು ಪದ ಬರೆಯಿರಿ. "ಕೆಂಪು" ಅನ್ನುವುದನ್ನು ಹಸಿರು ಸ್ಕೆಚ್ ಪೆನ್ನಿನಲ್ಲಿ, "ನೀಲಿ" ಅನ್ನುವುದನ್ನು ಕೆಂಪಿನಲ್ಲಿ, ಹೀಗೆ ಅಡ್ಡಾದಿಡ್ಡಿ. ಈಗ ಪದ ಓದಬಾರದು, ಶಾಯಿಯ ಬಣ್ಣ ಮಾತ್ರ ಬೇಗ ಬೇಗ ಹೇಳಬೇಕು. ಮೂರು ನಾಲ್ಕು ಪದ ಆಗುವಷ್ಟರಲ್ಲಿ ನಾಲಿಗೆ ತೊಡರುತ್ತದೆ. ಓದು ಬಲ್ಲವರಿಗೆ ಓದದೆ ಇರುವುದೇ ಕಷ್ಟ. ಅಮೆರಿಕದ ಜಾನ್ ರಿಡ್ಲಿ ಸ್ಟ್ರೂಪ್ ಇದನ್ನು 1935ರಲ್ಲಿ ಪ್ರಕಟಿಸಿದರು. ಇವತ್ತಿಗೂ ಸ್ಕ್ಯಾನರಿನೊಳಗೆ ಹೆಚ್ಚು ಕೊಡುವ ಪರೀಕ್ಷೆಗಳಲ್ಲಿ ಇದೊಂದು.

ನಮ್ಮ ಊರಿನಲ್ಲಿ ಇದನ್ನು ಇನ್ನೊಂದು ಹೆಜ್ಜೆ ಮುಂದೆ ಒಯ್ಯಬಹುದು. ಅದೇ ಪದಗಳನ್ನು ಮಲಯಾಳ ಲಿಪಿಯಲ್ಲಿ ಬರೆಯಿರಿ: ಚುವಪ್ಪು, ಪಚ್ಚ, ನೀಲ. ಬಣ್ಣವನ್ನು ಮಾತ್ರ ಕನ್ನಡದಲ್ಲಿ ಹೇಳಿಸಿ. ಎರಡೂ ಲಿಪಿ ಓದುವ ಮಗು ಇಲ್ಲೂ ತಡವರಿಸುತ್ತದೆ. ಎರಡು ಭಾಷೆ ಬಲ್ಲವರಲ್ಲಿ ಮಾಡಿದ ಪ್ರಯೋಗಗಳಲ್ಲಿ ಇಂಥ ಅಡ್ಡಭಾಷೆಯ ತಡೆ ಸಾಮಾನ್ಯವಾಗಿ ಒಂದೇ ಭಾಷೆಯ ತಡೆಗಿಂತ ಸ್ವಲ್ಪ ಕಡಿಮೆ, ಆದರೆ ಇದ್ದೇ ಇರುತ್ತದೆ. ಇನ್ನು ಪೇಟೆಯಲ್ಲಿ ಮಲಯಾಳ ನೀರು ಕುಡಿದ ಹಾಗೆ ಮಾತಾಡುವ, ಆದರೆ ಲಿಪಿ ಗೊತ್ತಿಲ್ಲದ ಅಜ್ಜನಿಗೆ ಕೊಡಿ. ಸಲೀಸಾಗಿ ಹೇಳಿ ಮುಗಿಸುತ್ತಾರೆ. ಅವರಿಗೆ ಅದು ಬರೀ ಗೆರೆ.

ಇದನ್ನು ಸ್ಕ್ಯಾನರಿನೊಳಗೆ ಮಾಡಿದರೆ ಏನು ಕಾಣುತ್ತದೆ?

ಎರಡು ಹಣೆಬದಿಗಳ ನಡುವೆ, ಮೆದುಳಿನ ಎರಡು ಹೋಳು ಒಂದಕ್ಕೊಂದು ಮುಖ ಮಾಡಿರುವ ಒಳಗೋಡೆಯಲ್ಲಿ ಆಂಟೀರಿಯರ್ ಸಿಂಗ್ಯುಲೇಟ್ ಅನ್ನುವ ಪಟ್ಟಿ ಇದೆ. ಪದವೂ ಶಾಯಿಯೂ ಜಗಳ ಆಡುವಾಗ ಇಲ್ಲಿ ರಕ್ತದ ಓಟ ಜಾಸ್ತಿಯಾಗುತ್ತದೆ. 1990ರಲ್ಲೇ ಪೆಟ್ ಸ್ಕ್ಯಾನಿನಲ್ಲಿ (ಮೈಗೆ ಸ್ವಲ್ಪ ವಿಕಿರಣ ವಸ್ತು ಕೊಟ್ಟು ರಕ್ತದ ಓಟ ನೋಡುವ ಸ್ಕ್ಯಾನ್) ಇದು ಕಂಡಿತ್ತು. 2001ರಲ್ಲಿ ಮ್ಯಾಥ್ಯೂ ಬಾಟ್ವಿನಿಕ್ ಮತ್ತು ಸಂಗಡಿಗರು ಇದಕ್ಕೊಂದು ವಿವರಣೆ ಕೊಟ್ಟರು. ಈ ಪಟ್ಟಿ ತಾನೇ ಜಗಳ ಬಿಡಿಸುವುದಿಲ್ಲ. "ಇಲ್ಲಿ ತಿಕ್ಕಾಟ ಉಂಟು" ಅಂತ ಗುರುತಿಸಿ, ಹಣೆಯ ಹಿಂದಿನ ಬದಿಭಾಗಗಳಿಗೆ ಬಿಗಿ ಮಾಡಲು ಹೇಳುತ್ತದೆ. ಈ ವಿವರಣೆಯ ಮೇಲೆ ವಾದ ಇನ್ನೂ ನಡೆದೇ ಇದೆ. ಅದೇ ಪಟ್ಟಿ ನೋವಿಗೂ ಬಹುಮಾನಕ್ಕೂ ಎದ್ದು ಕುಳಿತುಕೊಳ್ಳುತ್ತದೆ.

ಹಾಗಾದರೆ ಗಮನದ ಜಾಗ ಅದೇ ಅಂತಾಯಿತಾ?

ಇಲ್ಲ. ಒಂದು ಜಾಗ ಅಂತ ಇಲ್ಲ. ಮೈಕೆಲ್ ಪೋಸ್ನರ್ ಮತ್ತು ಸ್ಟೀವನ್ ಪೀಟರ್ಸನ್ 1990ರಲ್ಲಿ ಮೂರು ಜಾಲಗಳ ಮಾತು ಹೇಳಿದರು: ಎಚ್ಚರವಾಗಿರುವುದು, ಬೇಕಾದ ಕಡೆಗೆ ತಿರುಗುವುದು, ತಿಕ್ಕಾಟ ಸಂಭಾಳಿಸುವುದು. ಕೊರ್ಬೆಟ್ಟಾ ಮತ್ತು ಶುಲ್ಮನ್ 2002ರಲ್ಲಿ ತಿರುಗುವುದನ್ನೇ ಮತ್ತೆ ಎರಡು ಮಾಡಿದರು. ನೀವೇ ಬೇಕೆಂದು ಹುಡುಕುವಾಗ ಮೆದುಳಿನ ಮೇಲ್ಭಾಗದ ಜಾಲ. ಹಿಂದಿನಿಂದ ಲಾರಿ ಹಾರ್ನ್ ಹೊಡೆದಾಗ ಕೆಳಗಿನ ಜಾಲ, ಅದು ಮುಖ್ಯವಾಗಿ ಬಲಗಡೆ. ಪುಸ್ತಕದಲ್ಲಿ ಬೇರೆ ಬೇರೆ ಬಣ್ಣ ಹಚ್ಚಿ ತೋರಿಸುತ್ತಾರೆ. ತಲೆಯೊಳಗೆ ಅಷ್ಟು ಅಚ್ಚುಕಟ್ಟು ಇಲ್ಲ.

ಎಫ್‌ಎಂಆರ್‌ಐಯಲ್ಲಿ (ದುಡಿಯುತ್ತಿರುವ ಮೆದುಳನ್ನು ನೋಡುವ ಎಂಆರ್‌ಐ) ನಮ್ಮ ಯೋಚನೆ ಕಾಣುತ್ತದಾ?

ಇಲ್ಲ, ರಕ್ತ ಕಾಣುತ್ತದೆ. ಅದೂ ನೇರವಾಗಿ ಅಲ್ಲ.

ನರಕೋಶಗಳು ದುಡಿದಾಗ ಆ ಜಾಗಕ್ಕೆ ಆಮ್ಲಜನಕ ಇರುವ ರಕ್ತ ಬೇಕಾದ್ದಕ್ಕಿಂತ ಹೆಚ್ಚೇ ಹರಿಯುತ್ತದೆ. ಆಮ್ಲಜನಕ ಹೊತ್ತ ರಕ್ತಕ್ಕೂ ಇಳಿಸಿದ ರಕ್ತಕ್ಕೂ ಅಯಸ್ಕಾಂತದ ಎದುರು ವರ್ತನೆ ಬೇರೆ. ಸೀಜಿ ಒಗಾವಾ 1990ರಲ್ಲಿ ಪ್ರಾಣಿಗಳಲ್ಲಿ ಇದನ್ನು ತೋರಿಸಿದರು. 1992ರಲ್ಲಿ ಮನುಷ್ಯರ ಮೆದುಳಿನ ಚಿತ್ರಗಳು ಬಂದವು. ಈ ರಕ್ತದ ಏರಿಕೆ ತುತ್ತತುದಿಗೆ ಹೋಗಲು 5-6 ಸೆಕೆಂಡು ಹಿಡಿಯುತ್ತದೆ. ಬಣ್ಣ ಹೇಳುವ ಆಟದಲ್ಲಿ ಒಂದು ಉತ್ತರಕ್ಕೆ ಒಂದು ಸೆಕೆಂಡೂ ಬೇಡ. ಅಂದರೆ ಕೆಲಸ ಮುಗಿದು ಎಷ್ಟೋ ಹೊತ್ತಿನ ಮೇಲೆ ಸ್ಕ್ಯಾನರಿಗೆ ಸುದ್ದಿ ಮುಟ್ಟುತ್ತದೆ. ಏರಿಳಿತವೂ ಸಣ್ಣದು, ಸಾಧಾರಣ ಶೇಕಡಾ 1ರ ಆಸುಪಾಸು.

ಚಿತ್ರದ ಒಂದೊಂದು ತುಣುಕು 2-3 ಮಿಲಿಮೀಟರಿನ ಘನ. ಅದರೊಳಗೆ ಲಕ್ಷಗಟ್ಟಲೆ ನರಕೋಶ. ಟ್ರಾನ್ಸ್‌ಫಾರ್ಮರಿನ ಮೀಟರ್ ನೋಡಿ ಈ ಓಣಿಯಲ್ಲಿ ಸಂಜೆ ಕರೆಂಟ್ ಜಾಸ್ತಿ ಹೋಗುತ್ತದೆ ಅಂತ ಹೇಳಬಹುದು. ಯಾರ ಮನೆಯಲ್ಲಿ ಮಿಕ್ಸಿ ತಿರುಗುತ್ತಿದೆ, ಅದರಲ್ಲಿ ಅರೆಯುವುದು ಚಟ್ನಿಯಾ ಸಾಂಬಾರಿನ ಮಸಾಲೆಯಾ ಅಂತ ಹೇಳಲಿಕ್ಕಾಗುವುದಿಲ್ಲ.

ಆ ಕೆಂಪು ಹಳದಿ ಮಚ್ಚೆಗಳು ಮೆದುಳಿನ ಬಣ್ಣವೂ ಅಲ್ಲ, ಬೆಂಕಿಯೂ ಅಲ್ಲ. ನಮ್ಮಂಥವರು ಲೆಕ್ಕ ಹಾಕಿ, ಇಂತಿಷ್ಟಕ್ಕಿಂತ ಮೇಲೆ ಬಂದದ್ದಕ್ಕೆ ಮಾತ್ರ ಬಣ್ಣ ಅಂತ ತೀರ್ಮಾನಿಸಿ ಹಚ್ಚಿದ್ದು. ಆ ಗೆರೆಯನ್ನು ಸ್ವಲ್ಪ ಇಳಿಸಿದರೆ ಇಡೀ ತಲೆ ದೀಪಾವಳಿ.

ಒಳಗೆ ಹೋದರೆ ಹೇಗಿರುತ್ತದೆ? ಹೆದರಿಕೆ ಆಗುತ್ತದಾ?

ಮೊದಲು ಲೋಹ ತೆಗೆಸುತ್ತಾರೆ. ಕರಿಮಣಿ, ಮೂಗುಬೊಟ್ಟು, ಕಾಲುಂಗುರ, ಹೇರ್‌ಪಿನ್, ಬೆಲ್ಟು, ಕಿವಿಯ ಮೆಷಿನ್, ಕಿಸೆಯ ಚಿಲ್ಲರೆ ಎಲ್ಲ ಹೊರಗೆ. ಮೂಗುಬೊಟ್ಟು ತೆಗೆಯಲು ಹೆಂಗಸರಿಗೆ ಕೆಲವೊಮ್ಮೆ ಅರ್ಧ ಗಂಟೆ ಬೇಕು. ಹಿಂದಿನ ದಿನವೇ ಮನೆಯಲ್ಲಿ ಸಡಿಲಿಸಿ ಬಂದರೆ ಒಳ್ಳೆಯದು. ಪೇಸ್‌ಮೇಕರ್, ತಲೆಯಲ್ಲಿ ಕ್ಲಿಪ್, ಮೂಳೆಗೆ ಹಾಕಿದ ರಾಡ್ ಇದ್ದರೆ ಕೇಳುವ ಮೊದಲೇ ಹೇಳಿಬಿಡಿ. ಸಂಶೋಧನೆಯ ಸ್ಕ್ಯಾನರ್ ಸಾಮಾನ್ಯವಾಗಿ 3 ಟೆಸ್ಲಾದ್ದು, ಭೂಮಿಯ ಕಾಂತಬಲದ ಹತ್ತಾರು ಸಾವಿರ ಪಟ್ಟು. ಅದು ರಾತ್ರಿ ಹಗಲು ಚಾಲೂ. ಯಾರೂ ಸ್ಕ್ಯಾನ್ ಮಾಡದಿದ್ದಾಗಲೂ ಎಳೆಯುತ್ತದೆ. 2018ರಲ್ಲಿ ಮುಂಬೈಯಲ್ಲಿ ಆಕ್ಸಿಜನ್ ಸಿಲಿಂಡರ್ ಹಿಡಿದು ಒಳಗೆ ಹೋದ ಒಬ್ಬ ಯುವಕ ಸತ್ತೇಹೋದ. "ಒಂದು ನಿಮಿಷ ಅಲ್ವಾ" ಅನ್ನುವ ಮಾತು ಅಲ್ಲಿ ನಡೆಯುವುದಿಲ್ಲ.

ಆಮೇಲೆ ಕಿವಿಗೆ ಬೆಣೆ, ತಲೆಯ ಸುತ್ತ ಪಂಜರದಂಥ ಕಾಯಿಲ್, ಕಣ್ಣಿನ ಮೇಲೆ ಸಣ್ಣ ಕನ್ನಡಿ. ಆ ಕನ್ನಡಿಯಲ್ಲಿ ಹಿಂದಿನ ಪರದೆ ಕಾಣುತ್ತದೆ. ಒಂದು ಕೈಯಲ್ಲಿ ಉತ್ತರ ಒತ್ತುವ ಗುಂಡಿ, ಇನ್ನೊಂದರಲ್ಲಿ ಹೆದರಿಕೆಯಾದರೆ ಹಿಚುಕುವ ರಬ್ಬರ್ ಬುರುಡೆ. ಹಿಚುಕಿದ ಕೂಡಲೇ ಹೊರಗೆ ಎಳೆಯುತ್ತಾರೆ. ಸದ್ದು ಮಾತ್ರ ಜೋರು. ಕಾಂಕ್ರೀಟ್ ಒಡೆಯುವ ಮೆಷಿನ್ ತಲೆದಿಂಬಿನ ಪಕ್ಕ ಇಟ್ಟ ಹಾಗೆ, ನಡುನಡುವೆ ನಿಲ್ಲುತ್ತದೆ, ಮತ್ತೆ ಶುರು. ತಲೆ 1-2 ಮಿಲಿಮೀಟರ್ ಅಲ್ಲಾಡಿದರೂ ನಮ್ಮ ಕೆಲಸ ಕೆಡುತ್ತದೆ. ಮಕ್ಕಳನ್ನು ಮೊದಲು ಸುಳ್ಳು ಸ್ಕ್ಯಾನರಿನಲ್ಲಿ ಮಲಗಿಸಿ ಅಭ್ಯಾಸ ಮಾಡಿಸುವುದು ಅದಕ್ಕೇ. ಎಕ್ಸ್‌ರೇ, ಸಿಟಿಯ ಹಾಗೆ ವಿಕಿರಣ ಇಲ್ಲ.

ತಲೆಗೆ ವೈರ್ ಅಂಟಿಸುವ ಇಇಜಿ ಸಾಲದಾ? ಅಗ್ಗ ಕೂಡ ಅಲ್ವಾ?

ಎಷ್ಟೋ ಪ್ರಶ್ನೆಗಳಿಗೆ ಅದೇ ಮೇಲು. ಹಾನ್ಸ್ ಬರ್ಗರ್ 1924ರಲ್ಲಿ ಶುರು ಮಾಡಿದ್ದು, ಮೆದುಳಿನ ವಿದ್ಯುತ್ತಿನ ಏರಿಳಿತ ಅಳೆಯುತ್ತದೆ. ಸೆಕೆಂಡಿನ ಸಾವಿರದ ಒಂದು ಭಾಗವನ್ನೂ ಹಿಡಿಯುತ್ತದೆ. ಯಾವ ಜಾಗದಿಂದ ಬಂತು ಅನ್ನುವುದರಲ್ಲಿ ಮಾತ್ರ ಮಬ್ಬು.

ನಮ್ಮ ಮಕ್ಕಳು ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ, ಪೇಟೆಯಲ್ಲಿ ಮಲಯಾಳ. ಇದರಿಂದ ಗಮನಕ್ಕೆ ಒಳ್ಳೆಯದಾ, ಗೊಂದಲವಾ?

ಅತಿ ಹೆಚ್ಚು ಕೇಳುವ ಪ್ರಶ್ನೆ ಇದೇ. ಕಾಸರಗೋಡು ಸಪ್ತಭಾಷಾ ಸಂಗಮಭೂಮಿ ಅಂತ ಭಾಷಣದಲ್ಲಿ ಹೇಳುವವರೇ ಮನೆಗೆ ಬಂದು "ಮಗುವಿಗೆ ತಲೆ ಕೆಡುತ್ತದಾ?" ಅಂತ ಮೆಲ್ಲಗೆ ಕೇಳುತ್ತಾರೆ. ಮೊದಲು ಅದಕ್ಕೆ ಉತ್ತರ: ಕೆಡುವುದಿಲ್ಲ. ಒಂದು ವಾಕ್ಯದಲ್ಲಿ ಮೂರು ಭಾಷೆ ಸೇರಿಸುವುದು ರೋಗದ ಲಕ್ಷಣ ಅಲ್ಲ.

ಒಳ್ಳೆಯದಾ ಅನ್ನುವುದಕ್ಕೆ ಉತ್ತರ ಸ್ವಲ್ಪ ಉದ್ದ. ಎರಡು ಭಾಷೆ ಬಲ್ಲವರ ತಲೆಯಲ್ಲಿ ಒಂದನ್ನು ಆಡುವಾಗ ಇನ್ನೊಂದು ಪೂರ್ತಿ ಮಲಗಿರುವುದಿಲ್ಲ. ಅದನ್ನು ಹಿಡಿದಿಡಬೇಕು. ದಿನಾ ಹೀಗೆ ಹಿಡಿದು ಹಿಡಿದು ಹತೋಟಿಯೇ ಗಟ್ಟಿಯಾಗುತ್ತದೆ ಅನ್ನುವುದು ಊಹೆ. ಕೆನಡಾದ ಎಲೆನ್ ಬಿಯಾಲಿಸ್ಟಾಕ್ ಈ ಮಾತಿಗೆ ಬಲ ಕೊಟ್ಟರು. 2012ರಲ್ಲಿ ಜುಬಿನ್ ಅಬುತಾಲೆಬಿ ಮತ್ತು ಸಂಗಡಿಗರು ಇಟಲಿಯಲ್ಲಿ ಜರ್ಮನ್ ಮತ್ತು ಇಟಾಲಿಯನ್ ಎರಡೂ ಆಡುವವರನ್ನು ಸ್ಕ್ಯಾನ್ ಮಾಡಿದರು. ತಿಕ್ಕಾಟದ ಪರೀಕ್ಷೆಯಲ್ಲಿ ಅವರ ಸಿಂಗ್ಯುಲೇಟ್ ಪಟ್ಟಿ ಕಡಿಮೆ ದುಡಿದು ಹೆಚ್ಚು ಕೆಲಸ ಮಾಡಿತ್ತು. ನಮ್ಮಂಥ ಗಡಿನಾಡಿನವರಿಗೆ ಕೇಳಲು ಖುಷಿಯ ಸುದ್ದಿ.

ಆದರೆ 2019ರಲ್ಲಿ ಅಮೆರಿಕದಲ್ಲಿ ಮಕ್ಕಳ ಮೇಲೆ ನಡೆದ ಒಂದು ದೊಡ್ಡ ಅಧ್ಯಯನದಿಂದ 9-10 ವರ್ಷದ 4,500ಕ್ಕೂ ಹೆಚ್ಚು ಮಕ್ಕಳ ಲೆಕ್ಕ ಬಂತು. ಎರಡು ಭಾಷೆಯ ಮಕ್ಕಳಿಗೆ ಹತೋಟಿಯ ಪರೀಕ್ಷೆಗಳಲ್ಲಿ ಯಾವ ಮೇಲುಗೈಯೂ ಕಾಣಲಿಲ್ಲ. ನಾನು ಈ ದೊಡ್ಡ ಲೆಕ್ಕವನ್ನೇ ಹೆಚ್ಚು ನಂಬುತ್ತೇನೆ. ಸಣ್ಣ ಗುಂಪುಗಳಲ್ಲಿ ಕಂಡ ಲಾಭ ದೊಡ್ಡ ಗುಂಪಿನಲ್ಲಿ ಕರಗುವುದು ಈ ಕ್ಷೇತ್ರದಲ್ಲಿ ಹೊಸತಲ್ಲ.

ಇನ್ನೆರಡು ಅಧ್ಯಯನಗಳು ನಮಗೆ ಹತ್ತಿರ. ಒಂದು ಹೈದರಾಬಾದಿನದ್ದು. ಸುವರ್ಣಾ ಅಲ್ಲಾಡಿ ಮತ್ತು ಸಂಗಡಿಗರು 2013ರಲ್ಲಿ ಮರೆಗುಳಿ ರೋಗದ 648 ಮಂದಿಯ ದಾಖಲೆ ನೋಡಿದರು. ಎರಡು ಭಾಷೆ ಬಲ್ಲವರಿಗೆ ರೋಗ ಸರಾಸರಿ ನಾಲ್ಕೂವರೆ ವರ್ಷ ತಡವಾಗಿ ಶುರುವಾಗಿತ್ತು, ಶಾಲೆಗೇ ಹೋಗದವರಲ್ಲೂ. ಇದು ಆಸ್ಪತ್ರೆಗೆ ಬಂದವರ ಲೆಕ್ಕ, ಇಡೀ ಊರಿನದ್ದಲ್ಲ. ಆದರೂ ಭಾರತದಂಥ ಕಡೆ, ಎರಡನೆಯ ಭಾಷೆ ವಲಸೆಯಿಂದ ಬರದೆ ಬೀದಿಯಿಂದಲೇ ಬರುವಲ್ಲಿ ಮಾಡಿದ್ದು ಅನ್ನುವುದಕ್ಕೆ ತೂಕ ಉಂಟು.

ಎರಡನೆಯದು ನಮ್ಮವರು ಕೆಲಸಕ್ಕೆ ಹೋಗುವ ಅಬುಧಾಬಿಯದ್ದು. 2017ರಲ್ಲಿ ಅರಬಿ ಮತ್ತು ಇಂಗ್ಲಿಷ್ ಎರಡೂ ಬಲ್ಲವರನ್ನು ಮೆದುಳಿನ ಸೂಕ್ಷ್ಮ ಕಾಂತಕ್ಷೇತ್ರ ಅಳೆಯುವ ಎಂಇಜಿ ಯಂತ್ರದಲ್ಲಿ ಕೂರಿಸಿದರು. ಬಣ್ಣದ ಗುರುತು ನೋಡಿ "ಈಗ ಭಾಷೆ ಬದಲಿಸು" ಅಂತ ಅಪ್ಪಣೆ ಕೊಟ್ಟಾಗ ಹತೋಟಿಯ ಜಾಗಗಳು ದುಡಿದವು. ಸಹಜ ಮಾತಿಗೆ ಹತ್ತಿರವಾಗುತ್ತ ಹೋದ ಹಾಗೆ ಆ ದುಡಿತ ಇಳಿಯುತ್ತ ಬಂತು. ಅಂದರೆ ಪೆರ್ಲದ ಅಂಗಡಿಯಲ್ಲಿ ಒಬ್ಬರಿಗೆ ತುಳು, ಇನ್ನೊಬ್ಬರಿಗೆ ಬ್ಯಾರಿ, ಲೆಕ್ಕಕ್ಕೆ ಕನ್ನಡ ಅಂತ ಹೊರಳುವುದು ಬಹುಶಃ ಅಷ್ಟೇನೂ ವ್ಯಾಯಾಮ ಅಲ್ಲ. ಅದು ನಮಗೆ ಮಾತು, ಅಷ್ಟೇ. ಭಾಷೆ ಕಲಿಯುವುದಕ್ಕೆ ಮೆದುಳಿನ ಲಾಭ ಅಂತ ಬೇರೆ ಕಾರಣ ಯಾಕೆ ಬೇಕು ಅಂತ ನನಗೆ ಅನಿಸುತ್ತದೆ. ಅಜ್ಜಿಯ ಜೊತೆ ಮಾತಾಡಲಿಕ್ಕಾಗುತ್ತದೆ ಅನ್ನುವುದು ಸಾಲದಾ?

ಕನ್ನಡ ಮಾಧ್ಯಮದ ಕ್ಲಾಸಿಗೆ ಕನ್ನಡವೇ ಬಾರದ ಟೀಚರ್ ಬಂದರೆ? ಮಕ್ಕಳ ಗಮನ ಹಾಳಾಗುತ್ತದೆ ಅಂತ ಸ್ಕ್ಯಾನಿನಲ್ಲಿ ತೋರಿಸಬಹುದಾ?

ಈ ಪ್ರಶ್ನೆ ಕೇಳಿದವರು ಒಬ್ಬ ನಿವೃತ್ತ ಮಾಷ್ಟ್ರು. ಅಂಥ ಟೀಚರ್ ಬೇಡ ಅನ್ನುವ ಹೋರಾಟಕ್ಕೆ ಒಂದು ಆಧಾರ ಸಿಗಲಿ ಅನ್ನುವ ಆಸೆ ಅವರಿಗೆ. ಗೌಜಿಯ ನಡುವೆ ಅರ್ಧಂಬರ್ಧ ಕೇಳುವ ಮಾತನ್ನು ಹಿಡಿಯುವಾಗ ಮೆದುಳಿನ ಮುಂಭಾಗ ಹೆಚ್ಚು ದುಡಿಯುತ್ತದೆ, ಅದೂ ಕೇಳುವವರು ಮನಸ್ಸಿಟ್ಟು ಕೇಳಿದರೆ ಮಾತ್ರ ಅಂತ ಸ್ಕ್ಯಾನ್‌ಗಳು ತೋರಿಸಿವೆ. ಆದರೆ ಅರ್ಥವೇ ಆಗದ ಭಾಷೆ ಅದಕ್ಕಿಂತ ಬೇರೆ ಸಂಗತಿ. ಅಲ್ಲಿ ದುಡಿಯಲು ಏನೂ ಇಲ್ಲ. ಮಗು ಕಿಟಕಿ ನೋಡುತ್ತದೆ. ಅದು ಗಮನದ ದೋಷ ಅಲ್ಲ.

ಮಾಷ್ಟ್ರಿಗೆ ನಾನು ಹೇಳಿದ್ದು ಇಷ್ಟೇ. ಇದಕ್ಕೆ ಸ್ಕ್ಯಾನರ್ ತರಬೇಡಿ. ಪಾಠ ಮುಗಿದ ಮೇಲೆ ಮಗುವಿಗೆ ಎಷ್ಟು ಬಂತು ಅಂತ ಒಂದು ಚೀಟಿಯಲ್ಲಿ ಬರೆಸಿ. ಅಧಿಕಾರಿಗಳ ಎದುರು ಆ ಚೀಟಿಗಳ ಕಟ್ಟಿಗೆ ಇರುವ ಬೆಲೆ ಬಣ್ಣದ ಚಿತ್ರಕ್ಕೆ ಇಲ್ಲ.

ನಮ್ಮ ಹುಡುಗ ಎರಡು ನಿಮಿಷ ಒಂದು ಕಡೆ ಕೂರುವುದಿಲ್ಲ. ಎಡಿಎಚ್‌ಡಿ (ಗಮನ ನಿಲ್ಲದ, ಅತಿ ಚಟುವಟಿಕೆಯ ತೊಂದರೆ) ಇರಬಹುದಾ ಅಂತ ಮಂಗಳೂರಿಗೆ ಕರೆದುಕೊಂಡು ಹೋಗಿ ಸ್ಕ್ಯಾನ್ ಮಾಡಿಸಲಾ?

ಮಂಗಳೂರಿಗೆ ಕರೆದುಕೊಂಡು ಹೋಗಿ. ಆದರೆ ಸ್ಕ್ಯಾನಿಗಲ್ಲ, ಮಕ್ಕಳ ಡಾಕ್ಟರಿಗೋ ಮಕ್ಕಳ ಮನೋವೈದ್ಯರಿಗೋ ತೋರಿಸಲು. ಎಡಿಎಚ್‌ಡಿಯನ್ನು ಗುರುತಿಸುವುದು ಮಾತಾಡಿ, ಮನೆಯವರನ್ನೂ ಟೀಚರನ್ನೂ ಕೇಳಿ, ತೊಂದರೆ ಮನೆಯಲ್ಲೂ ಶಾಲೆಯಲ್ಲೂ ಉಂಟಾ, ಎಷ್ಟು ಕಾಲದಿಂದ ಅಂತ ನೋಡಿ. ಕಣ್ಣು, ಕಿವಿ, ನಿದ್ರೆ ಸರಿ ಉಂಟಾ ಅಂತಲೂ ನೋಡುತ್ತಾರೆ. ಫಿಟ್ಸ್, ತಲೆಗೆ ಪೆಟ್ಟು ಅಂತ ಬೇರೆ ಸಂಶಯ ಇದ್ದರೆ ಡಾಕ್ಟರೇ ಎಂಆರ್‌ಐ ಬರೆಯುತ್ತಾರೆ. ಅದು ಬೇರೆ ಮಾತು.

ಹಾಗಾದರೆ ಪೇಪರಿನಲ್ಲಿ "ಎಡಿಎಚ್‌ಡಿ ಮಕ್ಕಳ ಮೆದುಳು ಬೇರೆ" ಅಂತ ಬಂದದ್ದು ಸುಳ್ಳಾ? ಸುಳ್ಳಲ್ಲ. ಫಿಲಿಪ್ ಶಾ ಮತ್ತು ಸಂಗಡಿಗರು 2007ರಲ್ಲಿ ಎಡಿಎಚ್‌ಡಿ ಇದ್ದ 223 ಮಕ್ಕಳನ್ನೂ ಇಲ್ಲದ 223 ಮಕ್ಕಳನ್ನೂ ಹೋಲಿಸಿದರು. ಮೆದುಳಿನ ಹೊರಪದರದ ಅರ್ಧ ಭಾಗ ಪೂರ್ತಿ ದಪ್ಪಕ್ಕೆ ಬರುವ ವಯಸ್ಸು ಇಲ್ಲದವರಲ್ಲಿ ಏಳೂವರೆ, ಇದ್ದವರಲ್ಲಿ ಹತ್ತೂವರೆ. ಹಾದಿ ಅದೇ, ಮೂರು ವರ್ಷ ತಡ. ತಡ ಹೆಚ್ಚಾಗಿ ಕಂಡದ್ದು ಮುಂಭಾಗದಲ್ಲಿ, ಹತೋಟಿಯ ಜಾಗಗಳಲ್ಲೇ. ಕೈಕಾಲು ಆಡಿಸುವ ಜಾಗ ಮಾತ್ರ ಸ್ವಲ್ಪ ಬೇಗನೆ ಬಲಿತಿತ್ತು. ಎರಡು ನಿಮಿಷ ಕೂರದ ಹುಡುಗರ ಅಮ್ಮಂದಿರು ಈ ಕೊನೆಯ ಸಾಲು ಕೇಳಿ ನಗುತ್ತಾರೆ.

ಇದೆಲ್ಲ ಗುಂಪಿನ ಸರಾಸರಿ. 2017ರಲ್ಲಿ ಹಲವು ದೇಶಗಳ 1,713 ಮಂದಿ ಎಡಿಎಚ್‌ಡಿ ಇದ್ದವರನ್ನೂ 1,529 ಮಂದಿ ಇಲ್ಲದವರನ್ನೂ ಸೇರಿಸಿ ಮೆದುಳಿನ ಆಳದಲ್ಲಿ ಎಲ್ಲರಿಗೂ ಇರುವ ನರಕೋಶದ ಗುಂಪುಗಳ ಗಾತ್ರ ಅಳೆದರು. ವ್ಯತ್ಯಾಸ ಸಿಕ್ಕಿತು, ಆದರೆ ತೀರಾ ಸಣ್ಣದು. ಎರಡು ಗುಂಪುಗಳ ಅಳತೆಗಳು ಒಂದರ ಮೇಲೊಂದು ಮಲಗಿವೆ. ಒಬ್ಬ ಹುಡುಗನ ಸ್ಕ್ಯಾನ್ ಕೊಟ್ಟು "ಇವನು ಯಾವ ಗುಂಪು?" ಅಂತ ಕೇಳಿದರೆ ನಾನಲ್ಲ, ಯಾರೂ ನಂಬುವ ಹಾಗೆ ಹೇಳಲಾರರು. ಸ್ಕ್ಯಾನ್ ನೋಡಿ ಎಡಿಎಚ್‌ಡಿ ಹೇಳುತ್ತೇವೆ ಅಂತ ದುಡ್ಡು ಕೇಳಿದರೆ ಚಪ್ಪಲಿ ಹಾಕಿಕೊಂಡು ಹೊರಟುಬಿಡಿ.

ಎಂಡೋಸಲ್ಫಾನ್ ಕೀಟನಾಶಕ ಬಿದ್ದ ಊರುಗಳ ಮಕ್ಕಳ ಮೆದುಳು ಸ್ಕ್ಯಾನ್ ಮಾಡಿದರೆ "ಅದರಿಂದಲೇ ಹೀಗಾದದ್ದು" ಅಂತ ಸಾಬೀತು ಮಾಡಬಹುದಲ್ಲ?

ಇದಕ್ಕೆ ಉತ್ತರ ಹೇಳುವಾಗ ಎಚ್ಚರ ಬೇಕು. ಕೇಳುವವರ ಮನೆಯಲ್ಲಿ ಮಲಗಿದಲ್ಲೇ ಇರುವ ಮಗು ಇರಬಹುದು.

ಒಬ್ಬರ ಸ್ಕ್ಯಾನಿನಿಂದ ಆಗುವುದಿಲ್ಲ. ತಲೆಯಲ್ಲಿ ನೀರು ತುಂಬಿದೆ, ಯಾವುದೋ ಭಾಗ ಬೆಳೆದಿಲ್ಲ ಅಂತ ಎಂಆರ್‌ಐ ತೋರಿಸುತ್ತದೆ. ಯಾವುದರಿಂದ ಅಂತ ಅದರ ಮೇಲೆ ಬರೆದಿರುವುದಿಲ್ಲ. ಎಂಡೋಸಲ್ಫಾನ್ ನರಗಳನ್ನು ಹೇಗೆ ಕೆಡಿಸುತ್ತದೆ ಅಂತ ಗೊತ್ತು. ಮೆದುಳಿನಲ್ಲಿ ಗಾಬಾ ಅನ್ನುವ ರಾಸಾಯನಿಕ ಬ್ರೇಕಿನ ಕೆಲಸ ಮಾಡುತ್ತದೆ, ಈ ವಿಷ ಅದನ್ನು ಅಡ್ಡಗಟ್ಟುತ್ತದೆ, ಮೈಯಲ್ಲಿ ಹೆಚ್ಚಾದರೆ ಫಿಟ್ಸ್ ಬರುತ್ತದೆ. ಆದರೆ ಎಷ್ಟೋ ವರ್ಷದ ಹಿಂದೆ ಹೊಟ್ಟೆಯಲ್ಲಿದ್ದಾಗ ತಗಲಿದ್ದನ್ನು ಇವತ್ತಿನ ಚಿತ್ರದಲ್ಲಿ ಓದಲಿಕ್ಕಾಗುವುದಿಲ್ಲ.

ಸಾಬೀತು ಬರುವುದು ಊರಿಗೆ ಊರನ್ನು ಹೋಲಿಸಿ. ಗೇರುತೋಟಗಳ ಮೇಲೆ ಹೆಲಿಕಾಪ್ಟರಿನಲ್ಲಿ ಎರಡು ದಶಕಕ್ಕೂ ಮೇಲೆ ಸಿಂಪಡಿಸಿ, 2000ದ ಹೊತ್ತಿಗೆ ನಿಂತ ಮೇಲೆ, ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆ ಎಣ್ಮಕಜೆ ಪಂಚಾಯತಿನ ಪಡ್ರೆಗೆ ಬಂದು ಅಲ್ಲಿನ ಮಕ್ಕಳನ್ನು ಸಿಂಪಡಿಸದ ಊರಿನ ಮಕ್ಕಳ ಜೊತೆ ಹೋಲಿಸಿತು. ನರ ಮತ್ತು ವರ್ತನೆಯ ತೊಂದರೆಗಳು ಪಡ್ರೆಯಲ್ಲಿ ಹೆಚ್ಚು ಅಂತ ಹೇಳಿತು. ಅಲ್ಲಿ ಸ್ಕ್ಯಾನರ್ ಇರಲಿಲ್ಲ. ಸುಪ್ರೀಂ ಕೋರ್ಟ್ 2011ರಲ್ಲಿ ನಿಷೇಧಿಸಿದ್ದೂ ಸ್ಕ್ಯಾನ್ ನೋಡಿ ಅಲ್ಲ.

ಗುಂಪಾಗಿ ಸ್ಕ್ಯಾನ್ ಮಾಡಿದರೆ ಏನು ಸಿಗಬಹುದು ಅನ್ನುವುದಕ್ಕೆ ಬೇರೆ ಕೀಟನಾಶಕದ ಉದಾಹರಣೆ ಉಂಟು. ನ್ಯೂಯಾರ್ಕಿನಲ್ಲಿ ಹುಟ್ಟುವ ಮೊದಲೇ ಕ್ಲೋರ್‌ಪೈರಿಫಾಸ್ ತಗಲಿದ ಮಕ್ಕಳ ರಕ್ತದ ಅಳತೆ ಮೊದಲೇ ಇಟ್ಟುಕೊಂಡಿದ್ದರು. 2012ರಲ್ಲಿ ಅಂಥ 40 ಮಕ್ಕಳ ಸ್ಕ್ಯಾನ್ ನೋಡಿದಾಗ, ಹೆಚ್ಚು ತಗಲಿದವರ ಹೊರಪದರದ ಆಕಾರದಲ್ಲಿ ವ್ಯತ್ಯಾಸ ಕಂಡಿತು. ಹುಟ್ಟುವಾಗಿನ ಅಳತೆ ಇದ್ದದ್ದರಿಂದ ಅದು ಸಾಧ್ಯವಾಯಿತು.

ಒಂದು ಮಾತು ಒತ್ತಿ ಹೇಳುತ್ತೇನೆ. "ಸ್ಕ್ಯಾನ್ ನಾರ್ಮಲ್" ಅಂತ ಬಂದರೆ ತೊಂದರೆ ಇಲ್ಲ ಅಂತಲೂ ಅಲ್ಲ, ಕಾರಣ ಬೇರೆ ಅಂತಲೂ ಅಲ್ಲ. ಆ ಕಾಗದ ತೋರಿಸಿ ಯಾರಾದರೂ ಎಂಡೋಸಲ್ಫಾನ್ ಸಂತ್ರಸ್ತರ ಪಟ್ಟಿಯಿಂದ ಹೆಸರು ಬಿಡುತ್ತೇನೆ ಅಂದರೆ ಒಪ್ಪಬೇಡಿ.

ಮೊಬೈಲ್ ನೋಡಿ ನೋಡಿ ಮೆದುಳು ಸಣ್ಣದಾಗುತ್ತದಂತೆ?

2014ರಲ್ಲಿ 75 ಮಂದಿ ದೊಡ್ಡವರ ಅಧ್ಯಯನ ಒಂದು ಬಂದಿತ್ತು. ಒಟ್ಟೊಟ್ಟಿಗೆ ಹಲವು ಪರದೆ ನೋಡುವವರ ಸಿಂಗ್ಯುಲೇಟ್ ಪಟ್ಟಿಯಲ್ಲಿ ಬೂದುದ್ರವ್ಯದ (ನರಕೋಶಗಳು ಒತ್ತಾಗಿರುವ ಭಾಗ) ಸಾಂದ್ರತೆ ಕಡಿಮೆ ಇತ್ತು. ವಾಟ್ಸಾಪಿನಲ್ಲಿ ಅದೇ ಇವತ್ತಿಗೂ ಸುತ್ತುತ್ತದೆ. ಪರದೆಯಿಂದ ಹಾಗಾಯಿತಾ, ಹಾಗಿದ್ದವರೇ ಪರದೆಯಿಂದ ಪರದೆಗೆ ಹಾರುತ್ತಾರಾ ಅಂತ ಅದರಿಂದ ತಿಳಿಯುವುದಿಲ್ಲ. ಬರೆದವರೇ ಇದನ್ನು ಹೇಳಿದ್ದಾರೆ. ಮಗುವಿನ ಕೈಯಿಂದ ರಾತ್ರಿ ಮೊಬೈಲ್ ತೆಗೆದಿಡಲು ಮೆದುಳಿನ ಚಿತ್ರ ಬೇಡ, ನಿದ್ರೆ ಕೆಡುತ್ತದೆ ಅನ್ನುವ ಒಂದು ಕಾರಣ ಸಾಕು.

ಮಿಡ್‌ಬ್ರೇನ್ ಆ್ಯಕ್ಟಿವೇಶನ್ ಕ್ಲಾಸಿಗೆ ಸೇರಿಸಲಾ? ಕಣ್ಣಿಗೆ ಬಟ್ಟೆ ಕಟ್ಟಿ ಓದುತ್ತಾರಂತೆ.

ಬೇಡ. ಮೂಗಿನ ಪಕ್ಕದ ಸಂದಿಯಿಂದ ನೋಡುತ್ತಾರೆ. ಮಿಡ್‌ಬ್ರೇನ್ ಅನ್ನುವುದು ನಿಜವಾಗಿ ಇರುವ ಭಾಗ, ಕಣ್ಣಿನ ಚಲನೆ ಮುಂತಾದ್ದನ್ನು ನೋಡಿಕೊಳ್ಳುತ್ತದೆ. ಅದು ಎಲ್ಲರಲ್ಲೂ ಹುಟ್ಟಿನಿಂದಲೇ ಚಾಲೂ ಇದೆ. ಬೆರಳಚ್ಚು ನೋಡಿ ಬುದ್ಧಿ ಹೇಳುವ ಡಿಎಂಐಟಿಗೂ ಇದೇ ಉತ್ತರ.

ಕಂಪ್ಯೂಟರಿನ ಬ್ರೇನ್ ಟ್ರೇನಿಂಗ್ ಆಟಗಳು ಮೋಸ ಅಲ್ಲ, ಆದರೆ ಲಾಭವೂ ಕಡಿಮೆ. 2010ರಲ್ಲಿ 11,430 ಮಂದಿಗೆ ಆರು ವಾರ ಆಡಿಸಿ ನೋಡಿದರು. ಆಡಿದ ಆಟದಲ್ಲಿ ಜಾಣರಾದರು. ಬೇರೆಯದಕ್ಕೆ ಅದು ದಾಟಲಿಲ್ಲ.

ವೇದ ಬಾಯಿಪಾಠ ಮಾಡಿದವರ ಮೆದುಳು ದೊಡ್ಡದು ಅಂತ ಓದಿದೆ. ಹೌದಾ?

ಹರಿಯಾಣದ ಮಾನೇಸರದಲ್ಲಿರುವ ರಾಷ್ಟ್ರೀಯ ಮೆದುಳು ಸಂಶೋಧನಾ ಕೇಂದ್ರದಲ್ಲಿ 21 ಮಂದಿ ಪಂಡಿತರನ್ನೂ 21 ಮಂದಿ ಇತರರನ್ನೂ ಸ್ಕ್ಯಾನ್ ಮಾಡಿದ್ದು ನಿಜ, 2016ರಲ್ಲಿ ಪ್ರಕಟವಾಯಿತು. ಪಂಡಿತರಲ್ಲಿ ಕೆಲವು ಭಾಗಗಳು ದೊಡ್ಡದಿದ್ದವು. ಆದರೆ ಕಲಿಯುವ ಮೊದಲಿನ ಸ್ಕ್ಯಾನ್ ಇಲ್ಲ. ಸಂಸ್ಕೃತದಿಂದಲಾ, ವರ್ಷಗಟ್ಟಲೆಯ ಬಾಯಿಪಾಠದಿಂದಲಾ, ಮೊದಲೇ ಹಾಗಿತ್ತಾ? ಯಕ್ಷಗಾನದ ಭಾಗವತರನ್ನು ಸ್ಕ್ಯಾನ್ ಮಾಡಿದರೂ ಏನಾದರೂ ಸಿಕ್ಕೀತು. ನನಗಂತೂ ಆಸೆ ಉಂಟು, ಆದರೆ ಜಾಗಟೆ ಒಳಗೆ ಬಿಡುವುದಿಲ್ಲ.

ಧ್ಯಾನ ಮಾಡಿದರೆ?

ಎಂಟು ವಾರದ ಧ್ಯಾನದಲ್ಲಿ ಮೆದುಳಿನ ಆಕಾರ ಬದಲಾಗುತ್ತದೆ ಅಂತ ಮೊದಲು ಸುದ್ದಿಯಾಗಿತ್ತು. 2022ರಲ್ಲಿ ಇನ್ನೂ ಬಿಗಿಯಾಗಿ ಪರೀಕ್ಷೆ ಮಾಡಿದಾಗ ಹಾಗೆ ಕಾಣಲಿಲ್ಲ. ಮನಸ್ಸಿಗೆ ಹಿತ ಅನಿಸಿದರೆ ಮಾಡಿ.

ಸುಮ್ನೆ ಕೂತಾಗ ಮೆದುಳಿಗೆ ರಜೆ ಅಲ್ವಾ? ಶೇಕಡಾ 10 ಮಾತ್ರ ಬಳಸುತ್ತೇವೆ ಅಂತಾರೆ.

ಆ ಶೇಕಡಾ 10ರ ಕತೆ ಸುಳ್ಳು. ಮೈಯ ತೂಕದಲ್ಲಿ ಮೆದುಳು ಸುಮಾರು ಶೇಕಡಾ 2, ಶಕ್ತಿಯ ಖರ್ಚಿನಲ್ಲಿ ಶೇಕಡಾ 20. ಸುಮ್ಮನೆ ಕೂತಾಗ ಆ ಖರ್ಚು ಹೆಚ್ಚೇನೂ ಇಳಿಯುವುದಿಲ್ಲ. ಮಾರ್ಕಸ್ ರೈಕಲ್ 2001ರಲ್ಲಿ ಹೆಸರಿಟ್ಟ ಡೀಫಾಲ್ಟ್ ಜಾಲ ಆಗಲೇ ಕೆಲಸ ಮಾಡುವುದು. ಹಳೆಯದು ನೆನಪಾಗುವುದು, ನಾಳೆಯ ಯೋಚನೆ, ಎಲ್ಲ ಅಲ್ಲಿ. ಹೊರಗಿನ ಕೆಲಸಕ್ಕೆ ಗಮನ ಕೊಟ್ಟಾಗ ಅದು ತಗ್ಗುತ್ತದೆ.

ಇಷ್ಟೆಲ್ಲ "ಆದರೆ" ಇದ್ದರೆ ಈ ಸ್ಕ್ಯಾನ್‌ಗಳನ್ನು ನಂಬುವುದು ಹೇಗೆ?

ಸತ್ತ ಮೀನಿನ ಕತೆ ಹೇಳುತ್ತೇನೆ, ನಮ್ಮವರಿಗೆ ಬೇಗ ಹಿಡಿಸುತ್ತದೆ. ಅಮೆರಿಕದ ಕ್ರೇಗ್ ಬೆನೆಟ್ ಮತ್ತು ಸಂಗಡಿಗರು ಅಂಗಡಿಯಿಂದ ತಂದ ಸತ್ತ ಸಾಲ್ಮನ್ ಮೀನನ್ನು ಸ್ಕ್ಯಾನರಿನಲ್ಲಿ ಮಲಗಿಸಿ, ಮನುಷ್ಯರ ಫೋಟೋ ತೋರಿಸಿ, "ಇವರಿಗೆ ಏನನಿಸುತ್ತಿದೆ?" ಅಂತ ಕೇಳಿದರು. ಲೆಕ್ಕದಲ್ಲಿ ಮೀನಿನ ಮೆದುಳಿನೊಳಗೆ ಒಂದು ಕೆಂಪು ಚುಕ್ಕಿ ಬಂತು. 2009ರಲ್ಲಿ ಇದನ್ನು ತೋರಿಸಿದರು, 2012ರಲ್ಲಿ ಇಗ್ ನೊಬೆಲ್ (ನಗಿಸಿ ಯೋಚಿಸುವಂತೆ ಮಾಡುವ ಸಂಶೋಧನೆಗೆ ಕೊಡುವ ತಮಾಷೆಯ ಪ್ರಶಸ್ತಿ) ಸಿಕ್ಕಿತು. ವಿಷಯ ಮಾತ್ರ ತಮಾಷೆಯದ್ದಲ್ಲ. ಲಕ್ಷ ತುಣುಕುಗಳನ್ನು ಒಂದೊಂದಾಗಿ ಪರೀಕ್ಷಿಸಿದರೆ, ಸಾವಿರಕ್ಕೆ ಒಂದೇ ತಪ್ಪು ಅಂದರೂ ನೂರು ಸುಳ್ಳು ಚುಕ್ಕಿ ಬರುತ್ತದೆ. ಅದಕ್ಕೆ ತಿದ್ದುಪಡಿ ಹಾಕಲೇಬೇಕು. ಹಾಕಿದ ಕೂಡಲೇ ಮೀನು ಸತ್ತಿತು.

2020ರಲ್ಲಿ ಪ್ರಕಟವಾದ ಅಧ್ಯಯನ ಒಂದರಲ್ಲಿ ಒಂದೇ ಸ್ಕ್ಯಾನ್ ಮಾಹಿತಿಯನ್ನು 70 ತಂಡಗಳಿಗೆ ಕೊಟ್ಟರು. ಒಂಬತ್ತು ಪ್ರಶ್ನೆಗೆ ಉತ್ತರ ಕೇಳಿದರು. ಹಲವು ಪ್ರಶ್ನೆಗಳಲ್ಲಿ ತಂಡಗಳಿಗೆ ಒಮ್ಮತವೇ ಬರಲಿಲ್ಲ. ಯಾವ ಎರಡು ತಂಡಗಳೂ ಲೆಕ್ಕ ಮಾಡಿದ ದಾರಿ ಒಂದೇ ಇರಲಿಲ್ಲ. 2022ರಲ್ಲಿ ಸ್ಕಾಟ್ ಮರೆಕ್ ಮತ್ತು ಸಂಗಡಿಗರು ಇನ್ನೊಂದು ಏಟು ಕೊಟ್ಟರು. ಮೆದುಳಿನ ಅಳತೆಯನ್ನು ಜನರ ಬುದ್ಧಿ, ಸ್ವಭಾವಕ್ಕೆ ತಾಳೆ ಹಾಕುವ ಅಧ್ಯಯನಕ್ಕೆ ಸಾವಿರಾರು ಮಂದಿ ಬೇಕು ಅಂತ. ಅಲ್ಲಿಯವರೆಗೆ ಇಪ್ಪತ್ತೈದು ಮೂವತ್ತು ಮಂದಿಯಲ್ಲಿ ಮುಗಿಸುತ್ತಿದ್ದೆವು.

ಸ್ಟ್ರೂಪ್ ಥರದ ಪರೀಕ್ಷೆಗೂ ಒಂದು ವಿಚಿತ್ರ ಗುಣ ಉಂಟು. ಯಾರಿಗೆ ಕೊಟ್ಟರೂ ನಾಲಿಗೆ ತೊಡರುತ್ತದೆ, ಅದಕ್ಕೇ ಅದು ಇಷ್ಟು ಪ್ರಸಿದ್ಧ. ಎಲ್ಲರೂ ಸುಮಾರು ಒಂದೇ ರೀತಿ ತೊಡರುವುದರಿಂದ ಇವರಿಗಿಂತ ಅವರು ಮೇಲು ಅಂತ ಅಳೆಯಲು ಅದು ಒಳ್ಳೆಯ ಕೋಲಲ್ಲ. ಹಾಗಾಗಿ ಮನೆಯಲ್ಲಿ ಮಾಡಿದ ಆಟದಲ್ಲಿ ಅಕ್ಕನಿಗಿಂತ ತಮ್ಮ ಎರಡು ಸೆಕೆಂಡು ಹಿಂದೆ ಬಿದ್ದರೆ ಗಾಬರಿ ಬೇಡ.

ಎಲ್ಲರ ಮೆದುಳಿಗೂ ಸಾಮಾನ್ಯವಾದದ್ದನ್ನು ಹೇಳುವಾಗ ನಂಬಿ. ನಿಮ್ಮೊಬ್ಬರ ಬಗ್ಗೆ ಹೇಳುವಾಗ ಅನುಮಾನಿಸಿ.

ಇಂಥ ಸಂಶೋಧನೆ ನಮ್ಮ ಹತ್ತಿರ ಎಲ್ಲಿ ನಡೆಯುತ್ತದೆ?

ಮಂಗಳೂರಿನ ಆಸ್ಪತ್ರೆಗಳಲ್ಲಿ ಎಂಆರ್‌ಐ ಬೇಕಾದಷ್ಟು ಉಂಟು, ಆದರೆ ಅದು ರೋಗಿಗಳಿಗೆ. ಗಮನದ ಸಂಶೋಧನೆಗೆ ಬೆಂಗಳೂರಿನ ನಿಮ್ಹಾನ್ಸ್ ಮತ್ತು ಭಾರತೀಯ ವಿಜ್ಞಾನ ಸಂಸ್ಥೆಯ ನ್ಯೂರೋಸೈನ್ಸ್ ಕೇಂದ್ರ, ಹೈದರಾಬಾದ್ ವಿಶ್ವವಿದ್ಯಾಲಯ, ಆಗ ಹೇಳಿದ ಮಾನೇಸರ. ಕಲಿಯಲು ಹೋಗಬೇಕೆನ್ನುವ ಮಕ್ಕಳಿಗೆ ಒಂದು ಮಾತು: ಬಯಾಲಜಿ ಒಂದೇ ದಾರಿ ಅಲ್ಲ. ಗಣಿತ, ಫಿಸಿಕ್ಸ್, ಇಂಜಿನಿಯರಿಂಗ್, ಸೈಕಾಲಜಿ ಓದಿದವರೂ ನಮ್ಮಲ್ಲಿ ತುಂಬಾ ಇದ್ದಾರೆ.

ನಾನೂ ಸೇರಬಹುದಾ? ಸಹಿ ಹಾಕುವ ಮೊದಲು ಏನು ಕೇಳಬೇಕು?

ಆರೋಗ್ಯವಂತರೂ ಬೇಕಾಗುತ್ತಾರೆ, ಖಂಡಿತ ಸೇರಬಹುದು. ಎಥಿಕ್ಸ್ ಕಮಿಟಿಯ ಒಪ್ಪಿಗೆ ಉಂಟಾ ಅಂತ ಕೇಳಿ. ನಡುವೆ ಬೇಡ ಅನಿಸಿದರೆ ಕಾರಣ ಹೇಳದೆ ಎದ್ದು ಬರಬಹುದು, ಅದು ನಿಮ್ಮ ಹಕ್ಕು. ಮಕ್ಕಳಾದರೆ ಅಪ್ಪ ಅಮ್ಮನ ಸಹಿ ಸಾಲದು. ವೈದ್ಯಕೀಯ ಸಂಶೋಧನೆ ನೋಡಿಕೊಳ್ಳುವ ಕೇಂದ್ರ ಸಂಸ್ಥೆ ಐಸಿಎಂಆರ್‌ನ 2017ರ ನಿಯಮದಂತೆ ಏಳು ವರ್ಷ ದಾಟಿದ ಮಗುವಿನ ಬಾಯಿಮಾತಿನ ಒಪ್ಪಿಗೆಯೂ, ಹನ್ನೆರಡು ದಾಟಿದರೆ ಬರೆದುಕೊಟ್ಟ ಒಪ್ಪಿಗೆಯೂ ಬೇಕು.

ಹೆಚ್ಚಿನವರು ಕೇಳಲು ಮರೆಯುವುದು ಒಂದಿದೆ. ಸ್ಕ್ಯಾನಿನಲ್ಲಿ ಯಾರೂ ಹುಡುಕದ ಏನಾದರೂ, ಒಂದು ಗಡ್ಡೆಯೋ ಉಬ್ಬಿದ ರಕ್ತನಾಳವೋ ಕಂಡರೆ ನಿಮಗೆ ಹೇಳುತ್ತಾರಾ, ಯಾರು ಹೇಳುತ್ತಾರೆ? ಗೊತ್ತಾಗುವುದು ಬೇಕಾ ಬೇಡವಾ ಅಂತ ನೀವೂ ಮೊದಲೇ ಯೋಚಿಸಿ. ಸಂಶೋಧನೆಯ ಸ್ಕ್ಯಾನನ್ನು ಎಲ್ಲ ಕಡೆ ರೇಡಿಯಾಲಜಿಸ್ಟ್ ನೋಡುವುದಿಲ್ಲ, ಹಾಗಾಗಿ ಏನೂ ಹೇಳಲಿಲ್ಲ ಅಂದರೆ ಏನೂ ಇಲ್ಲ ಅಂತ ಅರ್ಥ ಅಲ್ಲ. ಒಪ್ಪಿಗೆ ಪತ್ರ ನಿಮಗೆ ಅರ್ಥವಾಗುವ ಭಾಷೆಯಲ್ಲೇ ಇರಬೇಕು ಅಂತಲೂ ಅದೇ ನಿಯಮ ಹೇಳುತ್ತದೆ. ಕನ್ನಡದ ಪ್ರತಿ ಕೇಳಿ. ಇಂಗ್ಲಿಷಿನದ್ದೇ ಕೈಗೆ ಕೊಟ್ಟರೆ ಕನ್ನಡದ್ದು ತರುವವರೆಗೆ ಪೆನ್ ಮುಟ್ಟಬೇಡಿ.